ಆರನೆಯ ಚೌಕದ ಎಕ್ಸ್

ಮೂವತ್ನಾಲ್ಕು ವರ್ಷ ನಾನು ತಾಲೂಕು ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಈ ಅವಧಿಯಲ್ಲಿ ನನ್ನ ಮೇಜಿನಿಂದ ಮೇಲಕ್ಕೆ ಹೋದ ಒಂದೇ ಒಂದು ಕಾಗದವೂ ‘ಅಪೂರ್ಣ’ ಎಂಬ ಷರಾ ಹೊತ್ತು ಕೆಳಕ್ಕೆ ಬಂದಿಲ್ಲ. ಇದನ್ನು ಜಂಬಕ್ಕಾಗಿ ಹೇಳುತ್ತಿಲ್ಲ, ದಾಖಲೆಗಾಗಿ ಹೇಳುತ್ತಿದ್ದೇನೆ. ಮುಂದೆ ಹೇಳಲಿರುವ ಸಂಗತಿಗಳಿಗೆ ಈ ದಾಖಲೆಯೇ ಮೂಲ ಕಾರಣ.

ನನ್ನ ಯಶಸ್ಸಿನ ಗುಟ್ಟು ಎರಡು ನಿಯಮಗಳಲ್ಲಿತ್ತು. ಮೊದಲನೆಯದು, ಅರ್ಜಿಯ ಯಾವ ಚೌಕವನ್ನೂ ಖಾಲಿ ಬಿಡಕೂಡದು. ಬರೆಯಲು ಏನೂ ಇಲ್ಲದಿದ್ದರೆ ‘ಇಲ್ಲ’ ಎಂದಾದರೂ ಬರೆಯಬೇಕು. ಎರಡನೆಯದು, ಎಲ್ಲಿ ಎಕ್ಸ್ ಗುರುತು ಕಂಡರೂ ಅದನ್ನು ಹಾಗೇ ಮುಂದಕ್ಕೆ ಕಳಿಸಕೂಡದು. ನಮ್ಮ ಸಾಹೇಬರು ತಪ್ಪು ಕಂಡಲ್ಲಿ ಬಾಯಿ ತೆರೆಯುತ್ತಿರಲಿಲ್ಲ, ಪೆನ್ಸಿಲ್ಲಿನಿಂದ ಒಂದು ಎಕ್ಸ್ ಹಾಕಿ ಕಾಗದ ಈ ಕಡೆ ತಳ್ಳುತ್ತಿದ್ದರು. ಅದನ್ನು ಅಳಿಸಿ, ಆ ಜಾಗದಲ್ಲಿ ಇರಬೇಕಾದ ಅಂಕಿ ಯಾವುದೆಂದು ಪತ್ತೆ ಮಾಡಿ, ದುಂಡಗೆ ಬರೆದು ಕಳಿಸುವವನೇ ಗುಮಾಸ್ತ. ಉಳಿದವರು ಸಂಬಳ ತೆಗೆದುಕೊಳ್ಳುವವರು.

ನಿವೃತ್ತಿಯಾದ ಮೇಲೂ ನವಲಗುಂದದ ನಮ್ಮ ಓಣಿಯಲ್ಲಿ ನನ್ನ ಕಟ್ಟೆ ಒಂದು ಸಣ್ಣ ಕಚೇರಿಯೇ. ಪಹಣಿ ತಿದ್ದುಪಡಿ, ರೇಷನ್ ಕಾರ್ಡು, ವಿಧವಾ ವೇತನ, ಎಲ್ಲ ಅರ್ಜಿಗಳೂ ಅಲ್ಲಿಗೆ ಬರುತ್ತವೆ.

“ಮನಿಗೆ ಬಂದವ್ರಿಗೆ ಮೊದಲ ನೀರ ಕೊಡ್ತಾರ,” ಎಂದು ನನ್ನ ಹೆಂಡತಿ ನೀಲವ್ವ ಅನ್ನುತ್ತಿದ್ದಳು. “ನೀವು ಮೊದಲ ಆಧಾರ್ ಕಾರ್ಡ್ ಕೇಳ್ತೀರಿ.”

ನೀಲವ್ವ ಕೌದಿ ಹೊಲಿಯುವವಳು. ಹಳೆಯ ಸೀರೆ, ಧೋತರ, ಕುಪ್ಪಸದ ತುಂಡುಗಳನ್ನು ಒಂದರ ಮೇಲೊಂದು ಹಾಸಿ, ಅಂಚಿನಿಂದ ನಡುವಿಗೆ ಸಾಲು ಸಾಲಾಗಿ ಕೈಹೊಲಿಗೆ ಹಾಕುತ್ತ ಹೋಗುವುದು. ಓಣಿಯಲ್ಲಿ ಹುಟ್ಟಿದ ಕೂಸುಗಳ ಪೈಕಿ ಅರ್ಧದಷ್ಟು ಅವಳ ಕೌದಿಯ ಮೇಲೆಯೇ ಮೊದಲ ಉಚ್ಚೆ ಹೊಯ್ದಿವೆ. ಅವಳಿಗೂ ಒಂದು ನಿಯಮವಿತ್ತು. ಕೌದಿಯ ಕಡೆಯ ಮೂಲೆಯನ್ನು ಮುಚ್ಚುವ ಮೊದಲು ಒಳಗೆ ಒಂದು ಚೂರು ಹೋಳಿಗೆ ಇಟ್ಟು ಹೊಲಿಯುವಳು. ಕೌದಿ ಹಸಿದುಕೊಂಡಿರಬಾರದು, ಹಸಿದ ಕೌದಿ ಹೊದ್ದರೆ ಕೂಸಿಗೆ ನಿದ್ದೆ ಹತ್ತುವುದಿಲ್ಲ ಎಂದು ಅವಳ ಅವ್ವ ಕಲಿಸಿದ್ದಂತೆ. ಹೀಗೆ ಖಾಲಿ ಬಿಡಬಾರದು ಎಂಬ ವಿಷಯದಲ್ಲಿ ನಮ್ಮಿಬ್ಬರ ದಾಂಪತ್ಯದಲ್ಲಿ ಪೂರ್ಣ ಒಮ್ಮತವಿತ್ತು. ಬೇರೆ ವಿಷಯಗಳಲ್ಲಿ ಇರಲಿಲ್ಲ.

ನಮ್ಮ ಮಗಳು ಕಸ್ತೂರಿ ಐದು ತಿಂಗಳ ಬಸುರಿಯಾಗಿದ್ದಳು. ಚೊಚ್ಚಲ ಹೆರಿಗೆ. ಅಣ್ಣಿಗೇರಿಯಲ್ಲಿರುವ ಅವಳ ಅತ್ತೆಯ ಮನೆಯವರು ಹೊಚ್ಚ ಹೊಸ ರಗ್ಗು ತಂದಿಟ್ಟಿದ್ದರು. ಆದರೂ ತೊಟ್ಟಿಲಿಗೆ ಅವ್ವನ ಕೌದಿಯೇ ಬೇಕು ಎಂದು ಕಸ್ತೂರಿ ಹಟ ಹಿಡಿದಿದ್ದಳು. ನೀಲವ್ವ ಕೌದಿ ಹಾಸಿ ಕುಳಿತಳು. ಕುಳಿತ ವಾರದಲ್ಲಿಯೇ ದೂರು ಶುರುವಾಯಿತು.

“ಸಂಜೀಕ ದೀಪ ನೋಡಿದ್ರ ಸುತ್ತ ಬಣ್ಣದ ಬಳಿ ಕಾಣ್ತಾವ್ರಿ. ಹುಬ್ಬಿನ ಮ್ಯಾಲ ಯಾರೋ ಗುದ್ದಿದಂಗ ಆಗ್ತೈತಿ.”

“ಚಾಳೀಸು ಹಳೇದಾಗೇತಿ. ನಂಬರ್ ಬದಲಾಗಿರಬೇಕು.”

“ನಂಬರ್ ಬದಲಾದ್ರ ಬಳಿ ಕಾಣ್ತಾವೇನ್ರಿ?”

ಈ ಪ್ರಶ್ನೆಯನ್ನು ‘ಪರಿಶೀಲನೆಯಲ್ಲಿದೆ’ ಎಂದು ಎರಡು ತಿಂಗಳು ಇಟ್ಟುಕೊಂಡೆ.

ಕೊನೆಗೆ ಒಂದು ಸೋಮವಾರ ಬಸ್ಸು ಹತ್ತಿ ಹುಬ್ಬಳ್ಳಿಯ ಒಂದು ಕಣ್ಣಿನ ಆಸ್ಪತ್ರೆಗೆ ಹೋದೆವು. ಡಾಕ್ಟರ್ ನಡುವಯಸ್ಸಿನ ಹೆಣ್ಣುಮಗಳು, ಮಾತು ಕಡಿಮೆ. ನೀಲವ್ವನ ಗದ್ದವನ್ನು ಯಂತ್ರದ ಮೇಲೆ ಇಡಿಸಿ, ಕಣ್ಣಿಗೆ ಒಂದು ಗಾಜು ತಾಗಿಸಿ, ಬಹಳ ಹೊತ್ತು ನೋಡಿದರು. ನಂತರ ನನ್ನ ಕಡೆ ತಿರುಗಿದರು.

“ಕಣ್ಣಿನ ಒಳಗ ನೀರು ಹುಟ್ಟತದ್ರಿ. ಅದು ಮೂಲ್ಯಾಗಿನ ಒಂದು ಸಂದಿಯಿಂದ ಹೊರಗ ಹೋಗಬೇಕು. ಇವರಿಗೆ ಎರಡೂ ಕಣ್ಣಾಗ ಆ ಸಂದಿ ಭಾಳ ಇಕ್ಕಟ್ಟಾಗೇದ. ಬಚ್ಚಲದ ತೂತಿಗೆ ಅರಿವಿ ಸಿಕ್ಕಂಗ. ಈಗ ಹೆಂಗೋ ಹರೀಲಿಕ್ಕೆ ಹತ್ತೇದ. ಒಂದ್ ದಿನ ಪೂರ್ತಿ ಮುಚ್ಚಿಬಿಟ್ರ ಒಳಗ ಒತ್ತಡ ಏರಿ, ಒಂದು ಹಗಲು ಒಂದು ರಾತ್ರಿಯೊಳಗ ಕಣ್ಣು ಹೋಗತದ.”

“ಅದಕ್ಕೇನು ಮಾಡಬೇಕ್ರಿ?” ಎಂದು ನೀಲವ್ವ ಕೇಳಿದಳು.

“ಲೇಸರ್‌ಲೆ ಒಂದೊಂದು ಸಣ್ಣ ತೂತು ಹಾಕ್ತೀನಿ. ನೀರಿಗೆ ಇನ್ನೊಂದು ದಾರಿ ಆಗತದ. ಹತ್ತು ನಿಮಿಷದ ಕೆಲಸ. ಇವತ್ತ ಮಾಡಿದ್ರ ಸಂಜೀ ಬಸ್ಸಿಗೆ ಊರಿಗೆ ಹೋಗಬಹುದು.”

ನೀಲವ್ವ ಸೆರಗು ಸರಿ ಮಾಡಿಕೊಂಡು, “ಹಂಗಾರ ಇವತ್ತs ಮಾಡ್ರಿ,” ಎಂದಳು.

ಇಲ್ಲಿ ನಾನು ಬಾಯಿ ಹಾಕಿದೆ. ಓದುಗರು ಈ ಕ್ಷಣವನ್ನು ಗುರುತು ಹಾಕಿಟ್ಟುಕೊಳ್ಳಬೇಕು. ನಾನಂತೂ ಹಾಕಿಟ್ಟುಕೊಂಡಿದ್ದೇನೆ.

“ನಮಗ ನಿವೃತ್ತರ ಆರೋಗ್ಯ ವಿಮೆ ಐತ್ರಿ. ಅದರಾಗ ಮಾಡಿಸೂದು.”

“ಆಗತದ. ಆದ್ರ ಮೊದಲ ಒಪ್ಪಿಗೆ ಬರಬೇಕಾಗತದ. ಮೂರು ನಾಲ್ಕು ದಿನ ಹಿಡೀಬಹುದು.”

“ನನ್ನ ಹಂತ್ಯಾಕ ರೊಕ್ಕ ಐತ್ರಿ,” ಎಂದು ನೀಲವ್ವ ನನ್ನ ಕಿವಿಯಲ್ಲಿ ಹೇಳಿದಳು. “ಕೌದೀ ರೊಕ್ಕ. ಇವತ್ತs ಮುಗಿಸಿಬಿಡೂಣು.”

“ಪ್ರಶ್ನೆ ರೊಕ್ಕದ್ದಲ್ಲ, ಹಕ್ಕಿನದು,” ಎಂದೆ. ಕಚೇರಿಯಲ್ಲಿ ಈ ವಾಕ್ಯವನ್ನು ನಾನು ಅನೇಕ ಸಲ ಹೇಳಿದ್ದೆ. ಯಾವಾಗಲೂ ಚೆನ್ನಾಗಿಯೇ ಕೇಳಿಸುತ್ತಿತ್ತು. ಅಂದೂ ಚೆನ್ನಾಗಿಯೇ ಕೇಳಿಸಿತು.

ಡಾಕ್ಟರ್ ಕಣ್ಣಿಗೆ ಹಾಕಲು ಹನಿ ಬರೆದುಕೊಟ್ಟು, “ತಡಾ ಮಾಡಬ್ಯಾಡ್ರಿ. ಕಣ್ಣು ಕೆಂಪಾದ್ರ, ವಾಂತಿ ಬಂದ್ರ, ಹಂಗs ಓಡಿ ಬರ್ರಿ,” ಎಂದರು. ನಾನು ತಲೆಯಾಡಿಸಿದೆ. ಮನಸ್ಸು ಆಗಲೇ ಅರ್ಜಿಯ ಕಡೆ ಹೋಗಿತ್ತು.

ವಿಮೆಯ ಕಿಟಕಿಯಲ್ಲಿ ಶಿಲ್ಪಾ ಎಂಬ ಹುಡುಗಿ ಕುಳಿತಿದ್ದಳು. ಡಾಕ್ಟರ್ ಬರೆದ ರೋಗದ ಹೆಸರನ್ನು ಓದಿ, ಅದಕ್ಕೆ ತಕ್ಕ ಸಂಕೇತವನ್ನು ಹಾಕುವುದು ಅವಳ ಕೆಲಸ. ಲೋಕದಲ್ಲಿರುವ ರೋಗಗಳಿಗೆಲ್ಲ ಯಾರೋ ಪುಣ್ಯಾತ್ಮರು ಅಕ್ಷರ ಮತ್ತು ಅಂಕಿ ಕೊಟ್ಟು ಒಂದು ದೊಡ್ಡ ಪಟ್ಟಿ ಮಾಡಿದ್ದಾರಂತೆ. ಈ ಸುದ್ದಿ ಕೇಳಿ ನನಗೆ ಆದ ಸಂತೋಷವನ್ನು ಮುಚ್ಚಿಡಲಾರೆ. ಮನುಷ್ಯನ ಸಂಕಟವನ್ನು ಕೂಡ ಯಾರೋ ಸರ್ವೆ ನಂಬರ್ ಹಾಕಿ, ಹಿಸ್ಸೆ ಮಾಡಿ, ವಹಿಯಲ್ಲಿ ಏರಿಸಿದ್ದಾರೆ. ಇನ್ನೇನು ಬೇಕು.

ಅರ್ಜಿಯಲ್ಲಿ ಏಳು ಚೌಕಗಳಿದ್ದವು. ಎಚ್, 4, 0, 2, 0, ಎಕ್ಸ್, 0. ಶಿಲ್ಪಾ ಅದನ್ನು ಅಚ್ಚು ಹಾಕಿ ಕೊಟ್ಟು, “ಕಾಕಾರ, ಕೆಳಗ ಸಹಿ ಮಾಡಿ, ಪೆನ್ಷನ್ ಆದೇಶದ ಝೆರಾಕ್ಸ್ ಹಚ್ಚಿ ತಂದು ಕೊಡ್ರಿ, ಸಾಕು,” ಎಂದಳು. ಆದೇಶ ಮನೆಯಲ್ಲಿತ್ತು. ಅರ್ಜಿ ನನ್ನ ಜೊತೆ ನವಲಗುಂದಕ್ಕೆ ಬಂತು.

ಅದು ಬರಬಾರದಿತ್ತು.

ಮಂಗಳವಾರ ಬೆಳಿಗ್ಗೆ ಸ್ನಾನ, ವಿಭೂತಿ ಮುಗಿಸಿ, ಕಟ್ಟೆಯ ಮೇಲೆ ಅರ್ಜಿ ಹರಡಿದೆ. ಆರನೆಯ ಚೌಕದಲ್ಲಿ ಎಕ್ಸ್ ಕುಳಿತಿತ್ತು. ಅದನ್ನು ನೋಡಿ ನನ್ನೊಳಗಿನ ಗುಮಾಸ್ತ ಎದ್ದು ನಿಂತ. ಪಾಪ, ಹುಡುಗಿ ಹೊಸಬಳು. ಮೇಲಿನವರು ಯಾರೋ ತಪ್ಪು ಎಂದು ಗುರುತು ಹಾಕಿದ್ದಾರೆ. ತಿದ್ದದೆಯೇ ಅಚ್ಚು ಹಾಕಿಬಿಟ್ಟಿದ್ದಾಳೆ. ಹೀಗೆಯೇ ಹೋದರೆ ಅರ್ಜಿ ತಿರುಗಿ ಬರುವುದು ಶತಸಿದ್ಧ. ಆ ಜಾಗದಲ್ಲಿ ಇರಬೇಕಾದ ಅಂಕಿ ಯಾವುದು? ರೋಗ ಎರಡೂ ಕಣ್ಣಿಗಿದೆ ಎಂದು ಡಾಕ್ಟರ್ ಸ್ವತಃ ಹೇಳಿದ್ದರು. ಕಣ್ಣು ಎರಡು. ಇದಕ್ಕಿಂತ ಸ್ಪಷ್ಟವಾದ ಆಧಾರ ನನ್ನ ಸೇವಾವಧಿಯಲ್ಲೇ ನನಗೆ ಸಿಕ್ಕಿರಲಿಲ್ಲ. ಬಿಳಿ ಬಣ್ಣ ಹಚ್ಚಿ, ಊದಿ ಆರಿಸಿ, ಅದರ ಮೇಲೆ ಒಂದು 2 ಬರೆದೆ. ಎಂಥ 2 ಅದು. ಹಂಸದಂತಿತ್ತು.

ನೀಲವ್ವ ಕೌದಿಯಿಂದ ತಲೆ ಎತ್ತಿ ನೋಡಿದಳು. “ಏನ್ ಬಣ್ಣ ಬಳ್ಯಾಕತ್ತೀರಿ?”

“ನಿನ್ನ ರೋಗ ತಿದ್ದಾಕತ್ತೀನಿ.”

“ಹನಿ ಹಾಕೂ ಹೊತ್ತಾತು. ಮೊದಲ ಅದನ್ನ ಹಾಕ್ರಿ.”

ಬುಧವಾರ ಲಕೋಟೆಗೆ ಅಂಟು ಹಚ್ಚಿ, ಹುಬ್ಬಳ್ಳಿಗೆ ಹೋಗಿ, ಕಿಟಕಿಯಲ್ಲಿ ಕೊಟ್ಟು ಬಂದೆ. ಶುಕ್ರವಾರ ಫೋನಿಗೆ ಸಂದೇಶ ಬಂತು. ಸಂಕೇತ ಅಸಿಂಧು. ಅರ್ಜಿ ವಾಪಸ್ಸು.

ಮೂವತ್ನಾಲ್ಕು ವರ್ಷದಲ್ಲಿ ಮೊದಲ ಸಲ. ಅಂದಿನ ಊಟ ನನಗೆ ಸೇರಲಿಲ್ಲ. ನೀಲವ್ವ ತಲೆನೋವು ಎಂದು ಊಟಕ್ಕೆ ಕುಳಿತಿರಲೇ ಇಲ್ಲ. ನಮ್ಮಿಬ್ಬರಲ್ಲಿ ಯಾರ ದುಃಖ ದೊಡ್ಡದು ಎಂಬ ಬಗ್ಗೆ ಅಂದು ನನಗೆ ಯಾವ ಸಂಶಯವೂ ಇರಲಿಲ್ಲ.

ಸೋಮವಾರ ಶಿಲ್ಪಾಳ ಕಿಟಕಿಗೆ ಹೋಗಿ ನಿಂತೆ. ಅವಳು ಅರ್ಜಿಯನ್ನು ಬೆಳಕಿಗೆ ಹಿಡಿದಳು.

“ಕಾಕಾರ, ಇಲ್ಲಿ ಎಕ್ಸ್ ಇತ್ತಲ್ರಿ. ಎಲ್ಲಿ ಹೋತು?”

“ತಪ್ಪಿತ್ತವ್ವಾ. ತಿದ್ದೀನಿ.”

ಆ ಹುಡುಗಿ ನಗಲಿಲ್ಲ. ಅದಕ್ಕೆ ನಾನು ಇಂದಿಗೂ ಋಣಿ. “ಅದು ತಪ್ಪಲ್ರಿ, ಅದು ಜಾಗಾ ಹಿಡಿಯೂದು. ಈ ಸಂಕೇತಕ್ಕ ಆರನೇ ಮನ್ಯಾಗ ಬರಿಯೂದು ಏನೂ ಇಲ್ಲ. ಆದ್ರ ಏಳನೇದಕ್ಕ ಐತಿ. ನಡುವ ಖಾಲಿ ಬಿಟ್ರ ಏಳನೇದು ಬಂದು ಆರನೇದರಾಗ ಕುಂದರತೈತಿ. ಅದಕ್ಕ ಎಕ್ಸ್ ಹಾಕಿರತಾರ. ಬಸ್ಸಿನ್ಯಾಗ ಸೀಟಿಗೆ ಟವೆಲ್ ಒಗೀತೀವಲ್ರಿ, ಹಂಗ.”

ಹುಬ್ಬಳ್ಳಿಯ ಬಸ್ ನಿಲ್ದಾಣದಲ್ಲಿ ಕಿಟಕಿಯಿಂದ ಟವೆಲ್ ಒಗೆದು ಸೀಟು ಹಿಡಿಯುವುದು ನಮ್ಮ ಸೀಮೆಯ ಅಲಿಖಿತ ಕಾನೂನು. ಆ ಟವೆಲ್ಲನ್ನು ತೆಗೆದು ಕೂರುವವನನ್ನು ನಾವು ಮನುಷ್ಯನೆಂದು ಲೆಕ್ಕಿಸುವುದಿಲ್ಲ. ನಾನು ಹರೆಯದಲ್ಲಿ ಕೂಡ ಒಬ್ಬರ ಟವೆಲ್ ಮುಟ್ಟಿದವನಲ್ಲ. ಅಂಥ ನಾನು ನನ್ನ ಹೆಂಡತಿಯ ರೋಗದ ಟವೆಲ್ ಎತ್ತಿ ಒಗೆದಿದ್ದೆ.

“ಮತ್ತ ಆ ಕಡೀ ಸೊನ್ನಿ?” ಎಂದೆ. ಕೇಳಬಾರದಿತ್ತು.

“ಅದು ರೋಗ ಎಷ್ಟು ಮುಂದ ಹೋಗೇತಿ ಅಂತ ಹೇಳೂದ್ರಿ. ಸೊನ್ನಿಯಿಂದ ನಾಕರ ತನಕ ಐತಿ.” ಹಿಂದೆ ಸಾಲು ಬೆಳೆದಿತ್ತು. ಅವಳು ಹೊಸ ಅರ್ಜಿ ಅಚ್ಚು ಹಾಕಿ, ನನ್ನ ಸಹಿ ಅಲ್ಲಿಯೇ ಹಾಕಿಸಿಕೊಂಡು, ತನ್ನ ಹತ್ತಿರವೇ ಇಟ್ಟುಕೊಂಡಳು. “ಇನ್ನ ಇದಕ್ಕ ಏನೂ ಮಾಡಬ್ಯಾಡ್ರಿ ಕಾಕಾರ. ಮುಟ್ಟs ಬ್ಯಾಡ್ರಿ.”

ಮಾತು ಕೊಟ್ಟೆ. ಕೊಟ್ಟ ಮಾತಿನಂತೆಯೇ ನಡೆದೆ. ಅರ್ಜಿಯನ್ನು ಮುಟ್ಟಲಿಲ್ಲ.

ಆದರೆ ಬಸ್ಸಿನಲ್ಲಿ ಅಣ್ಣಿಗೇರಿ ಕ್ರಾಸ್ ಬರುವ ಹೊತ್ತಿಗೆ ಆ ಸೊನ್ನೆ ನನ್ನ ತಲೆಯಲ್ಲಿ ತಿರುಗತೊಡಗಿತ್ತು. ಸೊನ್ನೆಯಿಂದ ನಾಲ್ಕರ ತನಕ ಇದೆ. ನಮಗೆ ಸೊನ್ನೆ ಕೊಟ್ಟಿದ್ದಾರೆ. ಸೊನ್ನೆ ಎಂದರೆ ಏನೂ ಇಲ್ಲ. ಏನೂ ಇಲ್ಲದ ರೋಗಕ್ಕೆ ಯಾವ ಅಧಿಕಾರಿ ಒಪ್ಪಿಗೆ ಕೊಡುತ್ತಾನೆ? ನಾನಾಗಿದ್ದರೆ ಕೊಡುತ್ತಿರಲಿಲ್ಲ. ಊರಿಗೆ ಇಳಿದವನೇ ನಿಲ್ದಾಣದ ಬಾಜೂ ಇರುವ ಝೆರಾಕ್ಸ್ ಅಂಗಡಿಗೆ ಹೋಗಿ, ವಿಮೆಯ ಕಚೇರಿಗೆ ನೇರವಾಗಿ ಒಂದು ಪತ್ರ ಬರೆಸಿ ಮೇಲ್ ಮಾಡಿಸಿದೆ.

“ಮಾನ್ಯರೇ, ಸದರಿ ಅರ್ಜಿಯ ಏಳನೆಯ ಚೌಕದಲ್ಲಿ ಸೊನ್ನೆ ಎಂದು ನಮೂದಾಗಿದ್ದು, ಇದು ರೋಗವೇ ಇಲ್ಲವೆಂಬ ಅಭಿಪ್ರಾಯಕ್ಕೆ ಎಡೆಮಾಡಿಕೊಡುವ ಸಂಭವವಿರುತ್ತದೆ. ಪ್ರಕರಣದ ತುರ್ತನ್ನು ಗಮನದಲ್ಲಿಟ್ಟುಕೊಂಡು, ಸದರಿ ಸೊನ್ನೆಯನ್ನು ನಾಲ್ಕು ಎಂದು ಓದಿಕೊಳ್ಳಬೇಕೆಂದು ವಿನಂತಿಸಿಕೊಳ್ಳಲಾಗಿದೆ.”

ಅಂಗಡಿಯವನು ಓದಿ, “ಭಾಳ ತೂಕ ಐತ್ರಿ ಪತ್ರ,” ಎಂದ. ನನಗೂ ಹಾಗೇ ಅನ್ನಿಸಿತು.

ಪತ್ರಕ್ಕೆ ತೂಕ ಇದ್ದದ್ದು ನಿಜವಾಯಿತು. ವಿಮೆಯವರು ಅದನ್ನು ಓದಿದರು. ಗುರುವಾರ ಶಿಲ್ಪಾಳಿಂದ ಫೋನು.

“ಕಾಕಾರ, ನೀವು ಅವರಿಗೆ ಏನರ ಬರದಿದ್ರೇನು?”

“ಒಂದು ಸಣ್ಣ ಸ್ಪಷ್ಟೀಕರಣ.”

“ಸೊನ್ನಿ ಅಂದ್ರ ರೋಗ ಇಲ್ಲ ಅಂತ ಅಲ್ರಿ. ಯಾವ ಹಂತ ಅಂತ ಬರದಿಲ್ಲ, ಅಷ್ಟs. ಒಂದು, ಎರಡು, ಮೂರು, ಇವು ಏರಿಕೋತ ಹೋಗ್ತಾವು. ಮೂರು ಅಂದ್ರ ಜೋರು. ನಾಕು ಅಂದ್ರ…”

“ನಾಕು ಅಂದ್ರ ಭಾಳ ಜೋರು.”

“ನಾಕು ಅಂದ್ರ ಹಂತ ಹೇಳಾಕ ಬರಂಗಿಲ್ಲ ಅಂತ್ರಿ. ಈಗ ಅವರು ಕೇಳಾಕತ್ತಾರ, ಆಸ್ಪತ್ರಿಯವ್ರು ಒಂದು ಹೇಳ್ತಾರ, ಮನಿಯವ್ರು ಒಂದು ಹೇಳ್ತಾರ, ಯಾವುದು ಖರೇ? ಕಣ್ಣಿನ ದೃಷ್ಟಿ ಎಷ್ಟು ಅಗಲ ಐತಿ ಅನ್ನೂ ಪರೀಕ್ಷೆ ಮಾಡಿಸಿ ವರದಿ ಕಳಸ್ರಿ ಅಂತ. ಆ ಪರೀಕ್ಷೆಗೆ ಬರೂ ಮಂಗಳವಾರ ಹೆಸರು ಹಚ್ಚೀನಿ.”

ನೀಲವ್ವನಿಗೆ ವಿಷಯ ತಿಳಿಸಲೇಬೇಕಾಯಿತು. ಅವಳು ಒಂದು ಕಣ್ಣು ಮುಚ್ಚಿ, ಬಾಗಿಲ ಬೆಳಕಿಗೆ ಸೂಜಿ ಹಿಡಿದು ದಾರ ಪೋಣಿಸುತ್ತಿದ್ದಳು. ನಾಲ್ಕನೆಯ ಯತ್ನ.

“ಒಟ್ಟ, ನನ್ನ ರೋಗಕ್ಕ ಬಡ್ತಿ ಕೊಡಸಾಕ ಹೋಗಿದ್ರಿ,” ಎಂದಳು.

“ಲಗೂನ ಆಗಲಿ ಅಂತ ಮಾಡಿದೆ.”

“ನಿಮ್ಮ ಬಡ್ತಿಗೂ ಇಷ್ಟು ಓಡ್ಯಾಡಿರಲಿಲ್ಲ ನೀವು.” ದಾರ ಸೂಜಿಯ ಪಕ್ಕದಿಂದ ಹಾದುಹೋಯಿತು. ಅವಳು ಸೂಜಿಯನ್ನು ಅರಿವೆಗೆ ಚುಚ್ಚಿಟ್ಟಳು. “ಈಗರ ರೊಕ್ಕಾ ಕೊಟ್ಟು ಮಾಡಸೂಣೇನ್ರಿ?”

“ಇನ್ನ ನಾಕs ದಿನ. ಇಷ್ಟು ದೂರ ಬಂದೈತಿ. ಈಗ ಅರ್ಜಿ ಹಿಂದ ತಗೊಂಡ್ರ ಸೋತಂಗ ಆಗತೈತಿ.”

ಯಾರು ಸೋತಂತೆ ಎಂದು ಅವಳು ಕೇಳಲಿಲ್ಲ. ಕೇಳಿದ್ದರೆ ಒಳ್ಳೆಯದಿತ್ತು.

ಭಾನುವಾರ ಬೆಳಿಗ್ಗೆಯಿಂದ ಮೋಡ ಕಟ್ಟಿತ್ತು. ಮಧ್ಯಾಹ್ನ ಊಟದ ಹೊತ್ತಿಗೆ ಕರೆಂಟು ಹೋಯಿತು. ನೀಲವ್ವ ಆ ಮಬ್ಬಿನಲ್ಲಿಯೇ ಕೌದಿ ಹಿಡಿದು ಕುಳಿತಿದ್ದಳು. ಮೂರು ಮೂಲೆ ಮುಗಿದಿದ್ದವು. ಇದ್ದಕ್ಕಿದ್ದಂತೆ ಎಡಗಡೆಯ ಹುಬ್ಬು ಒತ್ತಿ ಹಿಡಿದು ಎದ್ದಳು. ಬಚ್ಚಲಿಗೆ ಹೋಗುವಷ್ಟರಲ್ಲಿ ವಾಂತಿಯಾಯಿತು.

ಡಾಕ್ಟರ್ ಹೇಳಿದ್ದು ನನಗೆ ನೆನಪಾಗಬೇಕಾಗಿತ್ತು. ವಾಂತಿ ಬಂದರೆ ಓಡಿ ಬನ್ನಿ ಎಂದಿದ್ದರು. ಆದರೆ ಅವರು ಅದನ್ನು ಬಾಯಿಂದ ಹೇಳಿದ್ದರು; ಬರೆದುಕೊಟ್ಟಿರಲಿಲ್ಲ. ಬರೆದದ್ದು ಮಾತ್ರ ನನ್ನ ತಲೆಯಲ್ಲಿ ನಿಲ್ಲುತ್ತದೆ. ಬೆಳಿಗ್ಗೆ ಅವಳು ಖಾರದ ಬದನೆಕಾಯಿ ತಿಂದಿದ್ದಳು. ಪಿತ್ತ ಎಂದು ತೀರ್ಮಾನಿಸಿದೆ. ಲಿಂಬೆಹಣ್ಣಿನ ಶರಬತ್ತು ಕುಡಿಸಿದೆ. ಅದೂ ಹೊರಗೆ ಬಂತು. ತಲೆನೋವಿಗೆ ಬೆಳಕು ಕೂಡದೆಂದು ಒಳಕೋಣೆಯ ಕಿಟಕಿ ಹಾಕಿ, ಬಾಗಿಲಿಗೆ ಜಮಖಾನೆ ಇಳಿಬಿಟ್ಟು, ಕತ್ತಲು ಮಾಡಿ ಮಲಗಿಸಿದೆ. ಹಣೆಯ ಮೇಲೆ ಒದ್ದೆ ಬಟ್ಟೆ ಹಾಕಿದೆ. ನನ್ನ ಬಾಳಿನಲ್ಲಿ ಅಷ್ಟು ಅಚ್ಚುಕಟ್ಟಾದ ಕತ್ತಲೆಯನ್ನು ನಾನು ಮತ್ತೆಲ್ಲೂ ನಿರ್ಮಿಸಿಲ್ಲ.

ಬಾಜೂ ಮನೆಯ ಫಕ್ಕೀರಪ್ಪ ಬಾಡಿಗೆ ಕಾರು ಓಡಿಸುವವನು. ನರಳುವುದನ್ನು ಕೇಳಿ ಬಂದು ಹೊಸ್ತಿಲಲ್ಲಿ ನಿಂತ.

“ಕಾಕಾ, ಗಾಡಿ ತಗೀಲೇನ್ರಿ? ಹುಬ್ಬಳ್ಳಿಗೆ ಹೋಗೂಣು.”

“ಪಿತ್ತ ಆಗೇತಪಾ. ಮಲಕೊಂಡ್ರ ಇಳೀತೈತಿ. ಹೆಂಗೂ ಮಂಗಳವಾರ ಹೋಗಬೇಕು. ಅವತ್ತ ಪರೀಕ್ಷೆಗೆ ಹೆಸರು ಹಚ್ಚೈತಿ.”

ಒಳಗಿನಿಂದ ನೀಲವ್ವನ ದನಿ ಬಂತು. “ಹೋಗೂಣ್ರಿ. ಎಡಗಣ್ಣಾಗ ಏನೂ ಕಾಣವಲ್ದು.”

“ಕತ್ತಲಿ ಮಾಡೀನಲ್ಲ, ಅದಕ್ಕ ಕಾಣವಲ್ದು,” ಎಂದೆ.

ಈ ಮಾತನ್ನು ನಾನೇ ಆಡಿದ್ದು. ಬರೆಯುವಾಗ ಇದನ್ನು ಬಿಟ್ಟುಬಿಡಬಹುದಿತ್ತು. ಚೌಕ ಖಾಲಿ ಬಿಡುವ ರೂಢಿ ನನಗಿಲ್ಲ.

ಸೋಮವಾರ ಬೆಳಕು ಹರಿದ ಮೇಲೆ ಜಮಖಾನೆ ಸರಿಸಿ ನೋಡಿದೆ. ಎಡಗಣ್ಣು ಕೆಂಡವಾಗಿತ್ತು. ನಡುವಿನ ಕಪ್ಪು ಗುಡ್ಡೆಯ ಮೇಲೆ ಉಗಿ ಹಿಡಿದ ಗಾಜಿನಂತೆ ಮಸುಕು ಕಟ್ಟಿತ್ತು. ಬಲಗಣ್ಣು ಮುಚ್ಚಿಸಿ, ಮೂರು ಬೆರಳು ಎತ್ತಿ, “ಎಷ್ಟು?” ಎಂದೆ.

“ನೀವು ಎಲ್ಲಿ ಅದೀರಿ?” ಎಂದಳು.

ಫಕ್ಕೀರಪ್ಪ ಕರೆಯುವ ಮೊದಲೇ ಕಾರು ತಂದು ನಿಲ್ಲಿಸಿದ. ನೀಲವ್ವನ ಕೈ ಹಿಡಿದು ಹಿಂದಿನ ಸೀಟಿನಲ್ಲಿ ಅವನೇ ಕೂರಿಸಿದ. ನನ್ನ ಕಂಕುಳಲ್ಲಿ ಕಡತ ಇತ್ತು. ಅರ್ಜಿಯ ಪ್ರತಿ, ಪತ್ರದ ಪ್ರತಿ, ಸಂದೇಶಗಳ ಪ್ರತಿ, ಎಲ್ಲ ದಿನಾಂಕದ ಪ್ರಕಾರ ಜೋಡಿಸಿದ್ದೆ.

ಯಾರೂ ಅದನ್ನು ಕೇಳಲಿಲ್ಲ. ನೀಲವ್ವನನ್ನು ನೋಡಿದ ಕೂಡಲೇ ಒಳಗೆ ಕರೆದುಕೊಂಡು ಹೋದರು. ಕೈಗೆ ಸೂಜಿ ಚುಚ್ಚಿ ಔಷಧಿ ಏರಿಸಿದರು, ಹನಿ ಮೇಲೆ ಹನಿ ಹಾಕಿದರು. ಒತ್ತಡ ಇಳಿದ ಮೇಲೆ ಎರಡೂ ಕಣ್ಣಿಗೆ ಲೇಸರ್ ಮಾಡಿದರು. ಹತ್ತು ಹದಿನೈದು ನಿಮಿಷ ಹಿಡಿಯಿತು. ಹೊರಗೆ ನಾನು ಗಡಿಯಾರ ನೋಡುತ್ತಿದ್ದೆ.

ಶಿಲ್ಪಾ ಕಿಟಕಿ ಬಿಟ್ಟು ಎದ್ದು ಬಂದು ನನ್ನ ಬಾಜೂ ಕುಳಿತಳು.

“ಒಪ್ಪಿಗೆ ಇನ್ನೂ ಬಂದಿಲ್ಲಲ್ಲವ್ವಾ,” ಎಂದೆ.

“ಹಿಂಗ ಅರ್ಜಂಟ್ ಬಂದ್ರ ಒಪ್ಪಿಗೆ ಬೇಕಾಗಂಗಿಲ್ರಿ ಕಾಕಾರ. ಮೊದಲ ಕಣ್ಣು ನೋಡೂದು. ಕಾಗದ ಆಮ್ಯಾಲೆ.”

ಎರಡು ವಾರ ನಾನು ಕಾಗದ ಮೊದಲು, ಕಣ್ಣು ಆಮೇಲೆ ಎಂದು ನಡೆದುಕೊಂಡಿದ್ದೆ. ಅದಕ್ಕೆ ವಿರುದ್ಧವಾದ ಕ್ರಮ ಕೂಡ ನಿಯಮದಲ್ಲಿಯೇ ಇತ್ತು. ನಿಯಮ ಬಲ್ಲವನೆಂದು ಊರೆಲ್ಲ ನಂಬಿದ್ದ ನನಗೆ ಅದೊಂದೇ ಗೊತ್ತಿರಲಿಲ್ಲ.

ಡಾಕ್ಟರ್ ಹೊರಗೆ ಬಂದರು. “ಎಷ್ಟೊತ್ತಿಗೆ ಶುರು ಆತು?”

“ನಿನ್ನೆ ಮಧ್ಯಾಹ್ನ.”

“ಕತ್ತಲ್ಯಾಗ ಮಲಗಿಸಿದ್ರೇನು?”

“ಹೌದ್ರಿ. ಬೆಳಕು ಚುಚ್ಚತೈತಿ ಅಂತ.”

“ಕತ್ತಲ್ಯಾಗ ಕಣ್ಣಿನ ಪಾಪೆ ಅಗಲ ಆಗತದ್ರಿ. ಮೂಲಿ ಇನ್ನೂ ಮುಚ್ಚತದ,” ಎಂದರು. ನನ್ನ ಮುಖ ನೋಡಿ ಮತ್ತೆ ಹೇಳಿದರು: “ಯಾರಾದ್ರೂ ಹಂಗs ಮಾಡ್ತಿದ್ರು. ಬಲಗಣ್ಣು ಉಳದದ. ಇನ್ನ ಅದಕ್ಕ ಅಂಜಿಕಿ ಇಲ್ಲ. ಎಡಗಣ್ಣಾಗ ಬೆಳಕು, ನೆರಳು ಗೊತ್ತಾಗಬಹುದು. ಅದಕ್ಕಿಂತ ಹೆಚ್ಚಿನ ಆಶಾ ಇಟ್ಕೋಬ್ಯಾಡ್ರಿ.”

ಯಾರಾದರೂ ಹಾಗೇ ಮಾಡುತ್ತಿದ್ದರು ಎಂಬ ಅವರ ವಾಕ್ಯ ಕರುಣೆಯಿಂದ ಹೇಳಿದ್ದು. ಅಂಥ ವಾಕ್ಯಗಳನ್ನು ನಾನೂ ನಿವೃತ್ತರಾಗುವವರ ಬೀಳ್ಕೊಡುಗೆ ಪತ್ರದಲ್ಲಿ ಬರೆದಿದ್ದೇನೆ. ಅವುಗಳ ಬೆಲೆ ನನಗೆ ಗೊತ್ತು.

ಬುಧವಾರ ನೀಲವ್ವನನ್ನು ಮನೆಗೆ ಕಳಿಸುವಾಗ ಶಿಲ್ಪಾ ಹೊಸ ಅರ್ಜಿ ತಂದಳು. ರೋಗ ಬದಲಾಗಿತ್ತು, ಆದ್ದರಿಂದ ಸಂಕೇತವೂ ಬದಲಾಗಿತ್ತು. ಎಚ್, 4, 0, 2, 1, 2. ಏಳನೆಯ ಚೌಕ ಖಾಲಿ.

ನಾನು ಆರನೆಯ ಚೌಕವನ್ನೇ ನೋಡುತ್ತ ನಿಂತೆ.

“ಇಲ್ಲಿ ಎಕ್ಸ್ ಇಲ್ಲವ್ವಾ.”

“ಈ ಸಂಕೇತಕ್ಕ ಬೇಕಾಗಂಗಿಲ್ರಿ. ಇದು ಒಮ್ಮೆಲೆ ಉಕ್ಕಿ ಬರೂ ರೋಗದ್ದು. ಆರನೇ ಮನ್ಯಾಗ ಯಾವ ಕಣ್ಣು ಅಂತ ಬರೀತೀವಿ. ಒಂದು ಅಂದ್ರ ಬಲಗಣ್ಣು. ಎರಡು ಅಂದ್ರ ಎಡಗಣ್ಣು.”

ಎರಡು ವಾರದ ಹಿಂದೆ ಸ್ನಾನ ಮಾಡಿ, ವಿಭೂತಿ ಹಚ್ಚಿ, ಕಟ್ಟೆಯ ಮೇಲೆ ಕುಳಿತು ನಾನು ಅದೇ ಚೌಕದಲ್ಲಿ ಒಂದು 2 ಬರೆದಿದ್ದೆ. ಆಗ ಅದು ಅಸಿಂಧುವಾಗಿತ್ತು. ಈಗ ಸಿಂಧುವಾಗಿದೆ. ಟವೆಲ್ ನಾನು ತೆಗೆದೆ. ಸೀಟಿನ ಯಜಮಾನ ಬಂದು ಕುಳಿತ.

ಶಿಲ್ಪಾ ಪೆನ್ನು ಕೊಟ್ಟಳು. ಸಹಿ ಹಾಕಿದೆ. ಏಳನೆಯ ಚೌಕ ನನ್ನ ಕಡೆ ಬಾಯಿ ತೆರೆದುಕೊಂಡಿತ್ತು. ಮೂವತ್ನಾಲ್ಕು ವರ್ಷದ ಕೈ ಅದರ ಕಡೆ ಒಮ್ಮೆ ಎಳೆಯಿತು. ಪೆನ್ನಿನ ಟೊಪ್ಪಿಗೆ ಹಾಕಿ ತಿರುಗಿ ಕೊಟ್ಟುಬಿಟ್ಟೆ. ನನ್ನ ಜೀವನದಲ್ಲಿ ನಾನು ಖಾಲಿ ಬಿಟ್ಟ ಮೊದಲ ಚೌಕ ಅದು. ಆ ಅರ್ಜಿ ಎರಡೇ ದಿನದಲ್ಲಿ, ಒಂದು ಆಕ್ಷೇಪಣೆಯೂ ಇಲ್ಲದೆ ಪಾಸಾಯಿತು.

ಕಟ್ಟೆಗೆ ಅರ್ಜಿ ತರುವವರು ಈಗಲೂ ಬರುತ್ತಾರೆ. ನೀರು ಕೊಟ್ಟು, ಝೆರಾಕ್ಸ್ ಅಂಗಡಿಗೆ ಕಳಿಸುತ್ತೇನೆ.

ನೀಲವ್ವ ನನ್ನನ್ನು ಬೈಯಲಿಲ್ಲ. ಅದಕ್ಕೆ ಒಂದು ಅರ್ಜಿ ಇದ್ದಿದ್ದರೆ ಮೂರು ಪ್ರತಿಯಲ್ಲಿ ತುಂಬಿಕೊಡುತ್ತಿದ್ದೆ. ಮನೆಗೆ ಬಂದ ನಾಲ್ಕನೆಯ ದಿನ ಕೌದಿ ತೆಗೆದು ಹರಡಿದಳು. ಒಂದೇ ಕಣ್ಣಿಗೆ ಹೊಲಿಗೆ ಎಷ್ಟು ದೂರದಲ್ಲಿದೆ ಎಂಬ ಅಂದಾಜು ಸಿಗುವುದಿಲ್ಲವಂತೆ. ಎಡಗೈಯ ಹೆಬ್ಬೆರಳನ್ನು ಸಾಲಿನ ಮೇಲೆ ಸರಿಸುತ್ತ, ಮುಟ್ಟಿ ಮುಟ್ಟಿ ಹೊಲಿದಳು. ಕಡೆಯ ಸಾಲುಗಳು ಸ್ವಲ್ಪ ಸೊಟ್ಟಗಿವೆ. ನಾನು ಅದನ್ನು ನೋಡಿದ್ದು ಅವಳಿಗೆ ತಿಳಿಯಿತು.

“ಸೊಟ್ಟ ಅದಾವೇನ್ರಿ?”

“ಇಲ್ಲ.”

“ಸುಳ್ಳ ಹೇಳಬ್ಯಾಡ್ರಿ. ಕೂಸಿಗೆ ಸೊಟ್ಟ, ನೆಟ್ಟಗ ಏನ್ ತಿಳೀತೈತಿ. ಹೋಳಿಗಿ ಚೂರು ತರ್ರಿ, ಮೂಲಿ ಮುಚ್ಚತೀನಿ.”

ತಂದುಕೊಟ್ಟೆ. ಮೂಲೆಯೊಳಗೆ ಬೆರಳು ಹಾಕಿ ಜಾಗ ನೋಡಿ, ಇಟ್ಟು, ಮುಚ್ಚಿದಳು. ಕಸ್ತೂರಿಗೆ ಹೆಣ್ಣು ಹುಟ್ಟಿತು. ಕೂಸು ಆ ಕೌದಿಯ ಮೇಲೆ ಚೆನ್ನಾಗಿಯೇ ನಿದ್ದೆ ಮಾಡುತ್ತದೆ.

ಈಗ ಓಣಿಯ ಇನ್ನೊಂದು ಬಾಣಂತಿಗೆ ಕೌದಿ ಹಾಸಿದ್ದಾಳೆ. ಸೂಜಿಗೆ ದಾರ ಪೋಣಿಸುವುದು ಅವಳಿಂದ ಆಗುವುದಿಲ್ಲ. ಆ ಖಾಲಿ ಹುದ್ದೆಗೆ ನನ್ನನ್ನು ನೇಮಿಸಿಕೊಂಡಿದ್ದಾಳೆ. ದಿನಾ ಬೆಳಿಗ್ಗೆ ಸ್ನಾನ, ವಿಭೂತಿ ಮುಗಿಸಿ, ಕಟ್ಟೆಯ ಮೇಲೆ ಕುಳಿತು ಹತ್ತು ಸೂಜಿಗೆ ದಾರ ಪೋಣಿಸಿ, ಒಂದು ಅರಿವೆಗೆ ಸಾಲಾಗಿ ಚುಚ್ಚಿ ಒಳಗೆ ಕಳಿಸುತ್ತೇನೆ. ಅವಳು ಒಂದೊಂದನ್ನೇ ಬೆರಳಿನಿಂದ ಸವರಿ ಪರಿಶೀಲಿಸುತ್ತಾಳೆ.

“ಇದರಾಗ ದಾರ ಇಲ್ರಿ. ಬಾಜೂ ಹೋಗೇತಿ,” ಎಂದು ತಿರುಗಿ ಕೊಡುತ್ತಾಳೆ.

ದಿನಕ್ಕೆ ಎರಡಾದರೂ ತಿರುಗಿ ಬರುತ್ತವೆ.